ತಂಗಿಗೆ ಚಾಕು ಹಾಕಿದ ಸುದ್ದಿಯಲ್ಲಿ ಅವಳದೇ ಫೋಟೋ, ಕೆಳಗೆ ಅವಳ ಮೈ ಬಗ್ಗೆ ಕಮೆಂಟು. ತೆಗೆಸುವುದು ಹೇಗೆ?

ವರದಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನನ್ನ ಚಿಕ್ಕಪ್ಪನ ಮಗಳು ಇಲ್ಲೇ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಒಬ್ಬ ಹುಡುಗ ಬಹಳ ದಿನದಿಂದ ಹಿಂದೆ ಬಿದ್ದಿದ್ದ. ಅಂಗಡಿ ಮುಂದೆ ಗಾಡಿ ನಿಲ್ಲಿಸಿಕೊಂಡು ಕೂರುವುದು, ಬಸ್ ಸ್ಟ್ಯಾಂಡ್ ತನಕ ಹಿಂಬಾಲಿಸುವುದು, ಬೇರೆ ಬೇರೆ ನಂಬರಿನಿಂದ ಫೋನ್ ಮಾಡುವುದು. ಇವಳು ಬೇಡ ಎಂದು ಬಾಯಿ ಬಿಟ್ಟು ಹೇಳಿದ್ದಳು. ಅದು ಬಿಟ್ಟರೆ ಅವನ ಜೊತೆ ನೆಟ್ಟಗೆ ಎರಡು ಮಾತು ಆಡಿದವಳಲ್ಲ. ಹೋದ ತಿಂಗಳು ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಬಂದು ಚಾಕು ಹಾಕಿದ. ಕೆನ್ನೆಗೂ ಎಡಗೈಗೂ ಗಾಯ ಆಗಿದೆ. ಎದುರಿನ ಬೀಡಾ ಅಂಗಡಿಯವರು ಓಡಿ ಬಂದು ಅವನನ್ನು ಹಿಡಿದುಕೊಂಡಿದ್ದಕ್ಕೆ ಜೀವ ಉಳಿಯಿತು. ಅವನು ಈಗ ಜೈಲಿನಲ್ಲಿದ್ದಾನೆ.

ನಾನು ಕೇಳಬೇಕಾಗಿರುವುದು ಆಮೇಲೆ ಆಗಿದ್ದರ ಬಗ್ಗೆ.

ಮಾರನೇ ದಿನ ಅವಳಿನ್ನೂ ಆಸ್ಪತ್ರೆಯಲ್ಲಿ ಇರುವಾಗಲೇ ಒಂದು ಯೂಟ್ಯೂಬ್ ಚಾನೆಲ್‌ನವರು ವಿಡಿಯೊ ಹಾಕಿದರು. ಥಂಬ್‌ನೇಲ್‌ನಲ್ಲಿ ಅವಳ ಫೋಟೋ. ಗೆಳತಿಯ ಮದುವೆಯಲ್ಲಿ ಸೀರೆ ಉಟ್ಟು ನಾಲ್ಕೈದು ಜನರ ಜೊತೆ ನಿಂತಿದ್ದು, ಅವಳ ಇನ್‌ಸ್ಟಾಗ್ರಾಮ್‌ನಿಂದ ಎತ್ತಿದ್ದಾರೆ. ಉಳಿದವರನ್ನೆಲ್ಲ ಕತ್ತರಿಸಿ ಇವಳೊಬ್ಬಳನ್ನೇ ಉಳಿಸಿ ಸುತ್ತ ಕೆಂಪು ಗೆರೆ ಎಳೆದಿದ್ದಾರೆ. ಮೇಲೆ ದಪ್ಪ ಅಕ್ಷರದಲ್ಲಿ ‘ರೀಲ್ಸ್ ಸುಂದರಿಗೆ ಪಾಗಲ್ ಪ್ರೇಮಿಯ ಚಾಕು’. ಅವಳು ಮಾಡಿದ್ದ ರೀಲ್ಸ್ ಎಂದರೆ ನನ್ನ ಮಗುವಿನ ಜೊತೆ ಆಡುತ್ತಿರುವುದು ಒಂದು, ಅಂಗಡಿಗೆ ಬಂದ ದೀಪಾವಳಿ ಸ್ಟಾಕ್ ತೋರಿಸುವುದು ಒಂದು. ವಿಡಿಯೊ ಒಳಗೆ ಸಿಸಿಟಿವಿ ದೃಶ್ಯ ಇದೆ. ಅವಳು ಮುಖಕ್ಕೆ ಕೈ ಅಡ್ಡ ಹಿಡಿಯುವುದನ್ನೇ ನಿಧಾನ ಮಾಡಿ ಮತ್ತೆ ಮತ್ತೆ ತೋರಿಸುತ್ತಾರೆ, ಹಿಂದೆ ಮ್ಯೂಸಿಕ್ ಬೇರೆ. ಚಾಕು ಹಾಕಿದವನ ಮುಖ ಮಾತ್ರ ಮಸುಕು ಮಾಡಿದ್ದಾರೆ.

ಕಮೆಂಟುಗಳನ್ನು ಇಲ್ಲಿ ಬರೆಯಲೋ ಬೇಡವೋ ಎಂದು ಯೋಚನೆ ಮಾಡಿದೆ. ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ‘ಈ ಡುಮ್ಮಿಗೋಸ್ಕರ ಜೈಲಿಗೆ ಹೋದ್ನಲ್ಲ ಪಾಪ.’ ‘ಇವಳಲ್ಲಿ ಏನು ಕಂಡ್ನೋ.’ ‘ಸುಮ್ನೆ ಯಾರು ಚಾಕು ಹಾಕ್ತಾರೆ, ಇವಳೂ ಆಟ ಆಡಿಸಿರ್ತಾಳೆ.’ ಇಂಥವು ನೂರಾರು. ಅವಳು ಒಂದೊಂದನ್ನೂ ಓದಿದ್ದಾಳೆ. ಫೋನ್ ಕಿತ್ತುಕೊಂಡರೆ ಚಿಕ್ಕಮ್ಮನ ಫೋನಿನಲ್ಲಿ ಓದುತ್ತಾಳೆ. ಕೆನ್ನೆಯ ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಗಾಯ ಹೇಗೆ ಕಾಣುತ್ತಿದೆ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ‘ಅಕ್ಕಾ, ನಾನು ಅಷ್ಟು ದಪ್ಪ ಇದ್ದೀನಾ?’ ಎಂದು ಕೇಳಿದಳು. ಈಗ ರಾತ್ರಿ ಊಟ ಬಿಟ್ಟಿದ್ದಾಳೆ. ಅಂಗಡಿಯ ಸಾಹುಕಾರರು ಒಳ್ಳೆಯವರು, ಯಾವಾಗ ಬೇಕಾದರೂ ಬಾ ಎಂದಿದ್ದಾರೆ. ಇವಳು ಹೋಗಲ್ಲ. ಬಿಲ್ ಮಾಡಿಸುವವರೆಲ್ಲ ಆ ವಿಡಿಯೊ ನೋಡಿರುತ್ತಾರೆ ಎನ್ನುತ್ತಾಳೆ.

ಚಾನೆಲ್ ನಂಬರಿಗೆ ಫೋನ್ ಮಾಡಿದೆ. ‘ಪೊಲೀಸರೇ ಕೊಟ್ಟ ಮಾಹಿತಿ ಮೇಡಂ, ಸುದ್ದಿ ಅಲ್ವಾ’ ಎಂದರು. ಒಂದು ಪತ್ರಿಕೆಯ ಜಿಲ್ಲಾ ಪುಟದಲ್ಲೂ ಅವಳ ಹೆಸರು, ಊರು, ಚಿಕ್ಕಪ್ಪನ ಹೆಸರು ಎಲ್ಲ ಬಂದಿದೆ. ಹೀಗೆ ಹಾಕಬಹುದಾ? ತೆಗೆಸಲು ಯಾರಿಗೆ ಬರೆಯಬೇಕು? ಚಿಕ್ಕಪ್ಪ ಬಿಟ್ಟುಬಿಡು, ಎಳೆದಷ್ಟೂ ಮಾನ ಹೋಗುತ್ತದೆ, ಜನ ತಾವಾಗಿಯೇ ಮರೆಯುತ್ತಾರೆ ಎನ್ನುತ್ತಾರೆ. ನನಗೆ ಹಾಗೆ ಅನಿಸುತ್ತಿಲ್ಲ. ತಿಳಿದವರು ಹೇಳಿ.


ಡೆಸ್ಕ್‌ಮನೆ

ಅಕ್ಕಾ, ಓದಿ ಕೈಕಾಲು ಆಡಲಿಲ್ಲ. ತಂಗಿ ಜೀವಂತ ಇದ್ದಾಳೆ, ಅದೇ ದೊಡ್ಡದು. ನಾನು ಹುಬ್ಬಳ್ಳಿಯಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವಳು. ಈ ಸುದ್ದಿ ಹೇಗೆ ತಯಾರಾಗುತ್ತದೆ ಎಂದು ಹೇಳುತ್ತೇನೆ, ಯಾರಿಗೆ ಬರೆಯಬೇಕು ಎನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ರಾತ್ರಿ ಘಟನೆ ಆದರೆ ಠಾಣೆಯಿಂದ ಒಂದು ಟಿಪ್ಪಣಿ ವರದಿಗಾರರ ವಾಟ್ಸ್ಆ್ಯಪ್ ಗ್ರೂಪಿಗೆ ಬರುತ್ತದೆ. ಗಾಯಗೊಂಡವಳ ಹೆಸರು, ವಯಸ್ಸು, ತಂದೆ ಹೆಸರು, ಊರು ಎಲ್ಲ ಅದರಲ್ಲಿರುತ್ತದೆ. ಸಿಕ್ಕಿಬಿದ್ದವನು ಠಾಣೆಯಲ್ಲಿ ಏನು ಹೇಳಿದನೋ ಅದೂ ಬಾಯಿಂದ ಬಾಯಿಗೆ ಬರುತ್ತದೆ. ಅವನು ಏನು ಹೇಳುತ್ತಾನೆ? ಪ್ರೀತಿಸುತ್ತಿದ್ದೆವು, ಕೈ ಕೊಟ್ಟಳು ಎನ್ನುತ್ತಾನೆ. ಜಿಲ್ಲಾ ಪುಟ ರಾತ್ರಿಯೇ ಮುಗಿಯಬೇಕು, ಇವಳು ಆಪರೇಷನ್ ಥಿಯೇಟರಿನಲ್ಲಿ ಇರುತ್ತಾಳೆ, ಮನೆಯವರು ಫೋನ್ ಎತ್ತುವ ಸ್ಥಿತಿಯಲ್ಲಿ ಇರುವುದಿಲ್ಲ. ಹೀಗಾಗಿ ಬೆಳಿಗ್ಗೆ ಓದುವವರ ಕೈಗೆ ಸಿಗುವುದು ಅವನ ಕಥೆ ಒಂದೇ. ಶೀಲ ಶಂಕಿಸಿ ಪತ್ನಿಯ ಕೊಲೆ, ಪ್ರೀತಿ ನಿರಾಕರಿಸಿದ್ದಕ್ಕೆ ಇರಿತ, ಭಗ್ನಪ್ರೇಮಿಯಿಂದ ಹಲ್ಲೆ, ಇಂಥ ತಲೆಬರಹಗಳೆಲ್ಲ ಹೊಡೆದವನ ಬಾಯಿಂದ ಬಂದ ಕಾರಣವನ್ನೇ ಸುದ್ದಿಯ ಕಾರಣ ಮಾಡಿಬಿಡುತ್ತವೆ. ನಿಮ್ಮ ತಂಗಿ ವಿಷಯದಲ್ಲಿ ನಡೆದದ್ದು ತಿಂಗಳುಗಟ್ಟಲೆ ಹಿಂಬಾಲಿಸಿ ಕಿರುಕುಳ ಕೊಟ್ಟಿದ್ದು, ಕೊನೆಗೆ ಕೊಲ್ಲಲು ಬಂದಿದ್ದು. ಇಷ್ಟನ್ನೇ ಬರೆಯಲು ಜಾಗ ಜಾಸ್ತಿ ಬೇಕಾಗಿರಲಿಲ್ಲ.

ಅವನ ಮುಖ ಮಸುಕು ಮಾಡಿದ್ದು ಯಾಕೆ ಗೊತ್ತಾ? ಮುಂದೆ ಗುರುತು ಪತ್ತೆ ಪರೇಡ್ (ಹಲವರ ನಡುವೆ ನಿಲ್ಲಿಸಿ ಸಾಕ್ಷಿಗಳಿಂದ ಆರೋಪಿಯನ್ನು ಗುರುತಿಸುವುದು) ಮಾಡಿಸಬೇಕಾದರೆ ಆರೋಪಿಯ ಮುಖ ಮೊದಲೇ ಎಲ್ಲ ಕಡೆ ಬಂದಿರಬಾರದು. ಅದಕ್ಕೆ ಪೊಲೀಸರೇ ಮುಖ ಮುಚ್ಚಿಸಿ ಕರೆದುಕೊಂಡು ಬರುತ್ತಾರೆ, ಚಾನೆಲ್‌ನವರಿಗೂ ಅದು ಗೊತ್ತು. ಅಂದರೆ ಒಂದು ಮುಖ ಮುಚ್ಚುವುದು ಹೇಗೆ ಎಂದು ಇವರಿಗೆ ಚೆನ್ನಾಗಿಯೇ ಗೊತ್ತಿದೆ. ಹುಡುಗಿಯ ವಿಷಯಕ್ಕೆ ಬಂದಾಗ ಯಾರಿಗೂ ಅದು ಬೇಕಾಗಲಿಲ್ಲ, ಯಾಕೆಂದರೆ ಥಂಬ್‌ನೇಲ್ ನಿಲ್ಲುವುದೇ ಅವಳ ಮುಖದ ಮೇಲೆ. ತಾಲ್ಲೂಕಿನ ಯೂಟ್ಯೂಬ್ ಚಾನೆಲ್ ಎಂದರೆ ಬಹಳ ಕಡೆ ಒಬ್ಬ ಮನುಷ್ಯ, ಒಂದು ಫೋನು, ಲೋಗೊ ಇರುವ ಒಂದು ಮೈಕು. ಸಂಪಾದಕ, ವಕೀಲ, ಯಾರೂ ನಡುವೆ ಇಲ್ಲ. ಎಷ್ಟು ಜನ ಒತ್ತಿದರು ಎನ್ನುವುದೊಂದೇ ಲೆಕ್ಕ.

ಏನು ಮಾಡಬೇಕು ಎಂದರೆ, ಪತ್ರಿಕೆಗೆ ಸಂಬಂಧಪಟ್ಟಂತೆ ಸ್ಥಳೀಯ ವರದಿಗಾರನ ಹತ್ತಿರ ಜಗಳ ಆಡಬೇಡಿ. ನೇರ ಸಂಪಾದಕರಿಗೆ ಇಮೇಲ್ ಮಾಡಿ. ಯಾವ ದಿನಾಂಕ, ಯಾವ ಪುಟ, ವೆಬ್‌ಸೈಟಿನ ಲಿಂಕ್ ಹಾಕಿ. ಫೋಟೋ, ಹೆಸರು, ಊರು ತೆಗೆಯಿರಿ, ‘ಪ್ರೇಮಿ’ ಎಂದು ಬರೆದಿದ್ದು ಸುಳ್ಳು, ಅದನ್ನೂ ತೆಗೆಯಿರಿ ಎಂದು ಕೇಳಿ. ವೆಬ್‌ಸೈಟ್ ಬೇರೆ, ಇ-ಪೇಪರ್ ಬೇರೆ, ಫೇಸ್‌ಬುಕ್ ಪೇಜ್ ಬೇರೆ. ಮೂರರ ಹೆಸರನ್ನೂ ಬರೆಯಿರಿ, ಇಲ್ಲದಿದ್ದರೆ ಒಂದರಲ್ಲಿ ತೆಗೆದು ಕೈ ತೊಳೆದುಕೊಳ್ಳುತ್ತಾರೆ. ಉತ್ತರ ಬರದಿದ್ದರೆ ಪತ್ರಿಕೆಗಳ ಮೇಲಿನ ದೂರು ಕೇಳುವ ದೆಹಲಿಯ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು, ಆದರೆ ಮೊದಲು ಸಂಪಾದಕರಿಗೆ ಬರೆದ ದಾಖಲೆ ಇರಬೇಕು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳ ಒಳಗೆ ಕೊಡಬೇಕು, ಅದಕ್ಕೇ ತಡ ಮಾಡಬೇಡಿ. ಪುಟ ಅಳಿಸಿದ ಮೇಲೂ ಗೂಗಲ್‌ನಲ್ಲಿ ಹೆಸರು ಹುಡುಕಿದರೆ ಸ್ವಲ್ಪ ದಿನ ಹಳೆಯದೇ ಕಾಣುತ್ತದೆ. ಅದನ್ನು ತೆಗೆಸಲು ಗೂಗಲ್‌ನದೇ ಬೇರೆ ಫಾರ್ಮ್ ಇದೆ, ಅದನ್ನೂ ತುಂಬಿ.

ಚಿಕ್ಕಪ್ಪನವರ ಸಂಕಟ ಅರ್ಥವಾಗುತ್ತದೆ. ಆದರೆ ಜನ ಮರೆತರೂ ವಿಡಿಯೊ ಹೋಗುವುದಿಲ್ಲ. ನಾಳೆ ಇನ್ನೊಂದು ಕೆಲಸಕ್ಕೆ ಅರ್ಜಿ ಹಾಕಿದಾಗ, ಸಂಬಂಧ ನೋಡುವಾಗ ಮೊದಲು ಬರುವುದು ಅದೇ.


ಗದಗ ಕಾಕಾ

ತಂಗಿ ಬೇಗ ಹುಷಾರಾಗಲಿ. ತಪ್ಪು ತಿಳಿಯಬೇಡ್ರಿ, ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಇಂಥ ಸುದ್ದಿ ನೋಡಿದಾಗೆಲ್ಲ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗೆ ಆಗುತ್ತದೆ. ಮಕ್ಕಳು ಫೋಟೋ ಹಾಕುವುದನ್ನೇ ನಿಲ್ಲಿಸಿದರೆ ಒಳ್ಳೆಯದಲ್ಲವೇ? ಹಾಕದಿದ್ದರೆ ಯಾರೂ ಎತ್ತಿಕೊಳ್ಳಲಿಕ್ಕೆ ಆಗುವುದಿಲ್ಲ. ನಾನು ನಮ್ಮ ಮನೆಯಲ್ಲಿ ಇಬ್ಬರದೂ ಡಿಲೀಟ್ ಮಾಡಿಸಿದ್ದೇನೆ.


ಹಾಸನದವಳು

ಕಾಕಾ, ನಿಮ್ಮ ಕಾಳಜಿ ನಿಜವಾದದ್ದು ಎಂದು ಗೊತ್ತು. ಆದರೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಾನು ಹಾಸನದವಳು, 2024ರ ಏಪ್ರಿಲ್‌ನಲ್ಲಿ ನಮ್ಮ ಊರಿನಲ್ಲಿ ಏನಾಯಿತು ಎಂದು ಕಣ್ಣಾರೆ ನೋಡಿದವಳು.

ಲೋಕಸಭೆ ಮತದಾನಕ್ಕೆ ಇನ್ನೇನು ಕೆಲವೇ ದಿನ ಇತ್ತು. ಆಗ ನಮ್ಮ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ್ದು ಎನ್ನುವ ವಿಡಿಯೊಗಳ ಪೆನ್‌ಡ್ರೈವ್‌ಗಳು ಜಿಲ್ಲೆಯ ತುಂಬ ಹರಿದಾಡಿದವು. ಹೆಂಗಸರ ಮುಖ ಮುಚ್ಚುವಷ್ಟು ಕೂಡ ಮನುಷ್ಯತ್ವ ಹಂಚಿದವರಿಗೆ ಇರಲಿಲ್ಲ. ಒಬ್ಬ ರಾಜಕಾರಣಿಯನ್ನು ಬೀಳಿಸಲು ಅವನಿಂದ ನೊಂದವರ ಮುಖಗಳನ್ನೇ ಬೀದಿಗೆ ಎಸೆದರು. ಅಂಗಡಿಗೆ ಹೋದರೆ, ಬಸ್ ಹತ್ತಿದರೆ, ಗಂಡಸರು ಫೋನಿನ ಸುತ್ತ ಗುಂಪು ಕೂಡಿಕೊಂಡು ಇದು ಯಾರ ಮನೆಯವಳು, ಅದು ಯಾವ ಊರು ಎಂದು ಗುರುತು ಹಿಡಿಯುವುದರಲ್ಲೇ ಇದ್ದರು. ಎಷ್ಟೋ ಮನೆಗೆ ಬೀಗ ಬಿತ್ತು. ವಿಡಿಯೊ ಇಟ್ಟುಕೊಂಡರೂ ಹಂಚಿದರೂ ಕೇಸ್ ಹಾಕುತ್ತೇವೆ ಎಂದು ವಿಶೇಷ ತನಿಖಾ ತಂಡದವರು (ಎಸ್‌ಐಟಿ) ಎಚ್ಚರಿಕೆ ಕೊಡಬೇಕಾಯಿತು. ಟಿವಿಯಲ್ಲಿ ಅರ್ಧಂಬರ್ಧ ಮಸುಕು ಮಾಡಿದ ದೃಶ್ಯ ಇಟ್ಟುಕೊಂಡು ಬೆಳಿಗ್ಗೆಯಿಂದ ರಾತ್ರಿವರೆಗೆ ಚರ್ಚೆ. ಆ ಚರ್ಚೆಯಲ್ಲಿ ಆ ಹೆಂಗಸರಿಗೆ ಈಗ ಏನು ಬೇಕು ಎಂದು ಕೇಳಿದ್ದು ಎಷ್ಟು ಜನ?

ಅವರಲ್ಲಿ ಯಾರೂ ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ಹಾಕಿ ಸಿಕ್ಕಿಬಿದ್ದವರಲ್ಲ. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ಕೋರ್ಟ್ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತಲ್ಲ, ಆ ಕೇಸಿನಲ್ಲಿ ನಿಂತು ಸಾಕ್ಷಿ ಹೇಳಿದ್ದು ಮನೆಗೆಲಸದ ಹೆಂಗಸು. ಅವರು ಯಾವ ಅಕೌಂಟ್ ಡಿಲೀಟ್ ಮಾಡಿದ್ದರೆ ಉಳಿಯುತ್ತಿದ್ದರು ಹೇಳಿ.

ಇನ್ನೊಂದು. ಕೇಂದ್ರ ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೆ ಇದೆಯಲ್ಲ, ಅದರ ಐದನೇ ಸುತ್ತಿನಲ್ಲಿ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಅದರ ಹಿಂದಿನ ಸುತ್ತಿನಲ್ಲಿ ಇದು ಶೇ 20.6 ಇತ್ತು. ಇದು ನಾಲ್ಕು ಗೋಡೆಯ ಒಳಗೆ ನಡೆಯುವುದು, ಇದಕ್ಕೆ ಸಿಸಿಟಿವಿ ಇಲ್ಲ, ಥಂಬ್‌ನೇಲ್ ಇಲ್ಲ, ಅದಕ್ಕೇ ಸುದ್ದಿಯೂ ಇಲ್ಲ. ಬೀದಿಯಲ್ಲಿ ಆಗಿ, ಹುಡುಗಿ ಚಿಕ್ಕ ವಯಸ್ಸಿನವಳಾಗಿ, ಒಂದು ಫೋಟೋ ಸಿಕ್ಕರೆ ಮಾತ್ರ ಸುದ್ದಿ. ದಿನಾ ಇದನ್ನೇ ನೋಡಿದವರಿಗೆ ಹಿಂಸೆ ಎಂದರೆ ರೀಲ್ಸ್ ಮಾಡುವ ಹುಡುಗಿಯರಿಗೆ ಆಗುವುದು ಎನಿಸುವುದರಲ್ಲಿ ಆಶ್ಚರ್ಯ ಇಲ್ಲ.

ನಿಮ್ಮ ಮಕ್ಕಳ ಅಕೌಂಟ್ ವಾಪಸ್ ಕೊಡಿ ಕಾಕಾ. ಯಾರಾದರೂ ಹಿಂದೆ ಬಿದ್ದರೆ ಬೈಸಿಕೊಳ್ಳುವ ಹೆದರಿಕೆ ಇಲ್ಲದೆ ಅಪ್ಪನ ಹತ್ತಿರ ಬಂದು ಹೇಳಬಹುದು ಎನ್ನುವ ಧೈರ್ಯ ಅವರಿಗೆ ಇರಲಿ. ಬಹಳ ಹುಡುಗಿಯರು ಮನೆಯಲ್ಲಿ ಹೇಳದಿರುವುದಕ್ಕೆ ಕಾರಣವೇ ಫೋನ್ ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ ಎನ್ನುವ ಭಯ.


ವಕೀಲೆ ಧಾರವಾಡ

ವರದಾತೀರ ಅವರೇ, ನಾನು ಧಾರವಾಡ ಹೈಕೋರ್ಟ್ ಪೀಠದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಕೇಸಿನ ಕಾಗದ ನೋಡದೆ ಇಷ್ಟು ಹೇಳಬಹುದು.

ಮೊದಲು ಕಹಿ ವಿಷಯ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಗೆ ಹಾಕಬಾರದು ಎನ್ನುವ ಕಾನೂನು ಗಟ್ಟಿಯಾಗಿದೆ. ಹಿಂದೆ ಐಪಿಸಿ 228ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಎರಡು ವರ್ಷದ ತನಕ ಜೈಲು ಆಗಬಹುದು. ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ಹೆಸರಷ್ಟೇ ಅಲ್ಲ, ದೂರದಿಂದಲೂ ಗುರುತು ಸಿಗುವಂಥ ಯಾವ ವಿವರವನ್ನೂ ಹಾಕುವ ಹಾಗಿಲ್ಲ, ಸೋಶಿಯಲ್ ಮೀಡಿಯಾಕ್ಕೂ ಇದು ಅನ್ವಯ. ಆದರೆ ಹಿಂಬಾಲಿಸುವುದು, ಚಾಕು ಇರಿತ ಈ 72ರ ಒಳಗೆ ಬರುವುದಿಲ್ಲ. ನಿಮ್ಮ ತಂಗಿಯಂಥವರು ಜಾರಿ ಬೀಳುವುದು ಈ ಸಂದಿಯಲ್ಲೇ.

ಹಾಗಂತ ದಾರಿ ಇಲ್ಲ ಅಂತಲ್ಲ. 1994ರಲ್ಲೇ ರಾಜಗೋಪಾಲ್ ವಿರುದ್ಧ ತಮಿಳುನಾಡು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಲೈಂಗಿಕ ದೌರ್ಜನ್ಯ, ಅಪಹರಣ ಅಥವಾ ಅಂಥ ಅಪರಾಧಕ್ಕೆ ಒಳಗಾದ ಹೆಣ್ಣಿನ ಹೆಸರನ್ನು ಪತ್ರಿಕೆಯಲ್ಲಿ ಹಾಕಿ ಮತ್ತೆ ಅವಮಾನ ಮಾಡಬಾರದು ಎಂದಿದೆ. 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನ ಮೂಲಭೂತ ಹಕ್ಕು ಎಂದಿದೆ. ನೋಟಿಸ್ ಬರೆಯುವಾಗ ಇವೆರಡನ್ನೂ ಹಾಕಿ. ನೋಟಿಸ್ ಬಂದರೆ ಬಹಳ ಜನ ಕೋರ್ಟಿನ ತನಕ ಹೋಗದೆ ತೆಗೆಯುತ್ತಾರೆ.

ತೆಗೆಸುವ ಮೊದಲು ಸಾಕ್ಷಿ ಉಳಿಸಿಕೊಳ್ಳಿ. ಇದು ಬಹಳ ಮುಖ್ಯ. ವಿಡಿಯೊ ಲಿಂಕ್, ಹಾಕಿದ ದಿನ, ಕಮೆಂಟು, ಕಮೆಂಟು ಹಾಕಿದವರ ಪ್ರೊಫೈಲ್ ಲಿಂಕ್ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಟ್ಟ ಕಮೆಂಟುಗಳ ಬಗ್ಗೆ ಜಿಲ್ಲೆಯ ಸೆನ್ ಠಾಣೆಯಲ್ಲಿ (ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ) ದೂರು ಕೊಡಬಹುದು. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತಿಗೆ ನ್ಯಾಯ ಸಂಹಿತೆಯ 79ರಲ್ಲಿ ಮೂರು ವರ್ಷದ ತನಕ ಶಿಕ್ಷೆ ಇದೆ. 2025ರ ಜುಲೈನಲ್ಲಿ ನಟಿ ರಮ್ಯಾ ತಮಗೆ ಅಶ್ಲೀಲ ಮೆಸೇಜು, ಬೆದರಿಕೆ ಹಾಕಿದ 43 ಅಕೌಂಟುಗಳ ವಿರುದ್ಧ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರ ಕೇಂದ್ರ ಅಪರಾಧ ವಿಭಾಗದವರು (ಸಿಸಿಬಿ) ಹುಡುಕಿ ಹುಡುಕಿ ಬಂಧಿಸಿದರು. ಫೇಕ್ ಅಕೌಂಟ್, ಯಾರು ಅಂತ ಗೊತ್ತಾಗುವುದಿಲ್ಲ ಎಂದು ಠಾಣೆಯಲ್ಲಿ ಹೇಳಿದರೆ ಈ ಕೇಸ್ ನೆನಪಿಸಿ. ಹೆಸರಿದ್ದವರಿಗೆ ಆಗುವ ಕೆಲಸ ಬಟ್ಟೆ ಅಂಗಡಿಯ ಹುಡುಗಿಗೂ ಆಗಬೇಕು.

ಮೇಲೆ ಡೆಸ್ಕ್‌ಮನೆಯವರು ಬರೆದಿದ್ದಕ್ಕೆ ಒಂದು ಸೇರಿಸುತ್ತೇನೆ. ಆರೋಪಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿಯಾಗಿ ಬಳಸುವ ಹಾಗೆ ಇಲ್ಲ. ಕೋರ್ಟು ನಂಬದ ಆ ಹೇಳಿಕೆಯನ್ನೇ ಸುದ್ದಿಯವರು ಹುಡುಗಿಯ ವಿರುದ್ಧ ಸಾಕ್ಷಿ ಮಾಡಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಎಫ್‌ಐಆರ್ ತೆಗೆದು ನೋಡಿ. ಬಹಳ ಸಲ ಕೊಲೆ ಯತ್ನ, ಆಯುಧದಿಂದ ಗಾಯ ಎಂದಷ್ಟೇ ಹಾಕಿರುತ್ತಾರೆ. ಹಿಂಬಾಲಿಸಿದ್ದಕ್ಕೆ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಇದೆ. ಅದು ಇಲ್ಲದಿದ್ದರೆ ತಂಗಿಯ ಕಡೆಯಿಂದ ಹೆಚ್ಚುವರಿ ಹೇಳಿಕೆ ಕೊಡಿಸಿ ಸೇರಿಸಲು ಕೇಳಿ, ಫೋನ್ ಬಂದ ನಂಬರುಗಳ ಪಟ್ಟಿ ಕೊಡಿ. ಅದು ದಾಖಲೆಗೆ ಬಂದರೆ ‘ಪ್ರೇಮ ಪ್ರಕರಣ’ ಎನ್ನುವ ಮಾತಿಗೆ ಕಾಗದದ ಮೇಲೆಯೇ ಉತ್ತರ ಸಿಕ್ಕ ಹಾಗೆ ಆಗುತ್ತದೆ.

ಯೂಟ್ಯೂಬ್‌ಗೆ ಎರಡು ದಾರಿ. ಪ್ರೈವೆಸಿ ದೂರು ಒಂದು, ಅದನ್ನು ತಂಗಿಯೇ ಹಾಕಿದರೆ ಒಳ್ಳೆಯದು. ಇನ್ನೊಂದು ಕಾಪಿರೈಟ್. ಫೋಟೋ ತೆಗೆದವರೇ ಅದರ ಮೊದಲ ಹಕ್ಕುದಾರರು. ಸೆಲ್ಫಿಯಾದರೆ ಅವಳೇ. ಗೆಳತಿ ತೆಗೆದಿದ್ದರೆ ಗೆಳತಿ ಅರ್ಜಿ ಹಾಕಬೇಕು. ದುಡ್ಡು ಕೊಟ್ಟು ಕರೆಸಿದ ಮದುವೆ ಫೋಟೋಗ್ರಾಫರ್ ತೆಗೆದಿದ್ದರೆ ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ಕರೆಸಿದವರದ್ದು. ಚಾನೆಲ್‌ನವರು ಇದು ಸುದ್ದಿಗಾಗಿ ಬಳಸಿದ್ದು ಎಂದು ವಾದ ಮಾಡಬಹುದು, ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ಆದರೂ ಕಾಪಿರೈಟ್ ಸ್ಟ್ರೈಕ್ (ಯೂಟ್ಯೂಬ್ ಚಾನೆಲ್ ಮೇಲೆ ಹಾಕುವ ಉಲ್ಲಂಘನೆಯ ಗುರುತು) ಎಂದರೆ ಚಾನೆಲ್ ಮುಚ್ಚಿಹೋಗುವ ಭಯ ಇರುತ್ತದೆ. ಒಂದು ಎಚ್ಚರಿಕೆ, ದೂರು ಕೊಟ್ಟವರ ಹೆಸರು ಚಾನೆಲ್‌ನವರಿಗೆ ಹೋಗುತ್ತದೆ.

ಸ್ಥಳೀಯ ಕೇಬಲ್ ಟಿವಿಯಲ್ಲೂ ಬಂದಿದ್ದರೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ, ಕೇಬಲ್ ಟಿವಿ ಕಾಯ್ದೆಯಲ್ಲಿ ಅವರಿಗೆ ಅಧಿಕಾರ ಇದೆ. ದೊಡ್ಡ ಚಾನೆಲ್ ಆದರೆ ಅವರ ದೂರು ಅಧಿಕಾರಿಗೆ ಬರೆಯಿರಿ. 15 ದಿನದಲ್ಲಿ ಉತ್ತರ ಕೊಡಬೇಕು ಎಂದು 2021ರ ನಿಯಮ ಇದೆ.

ದುಡ್ಡಿನ ಯೋಚನೆ ಬೇಡ. ಹಾವೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಗಾಯಕ್ಕೆ ಸಂತ್ರಸ್ತರ ಪರಿಹಾರ ಯೋಜನೆಯ ಅರ್ಜಿಯನ್ನೂ ಅಲ್ಲೇ ಹಾಕಿ.


ಮೇಷ್ಟ್ರಮ್ಮ

ಕಾನೂನು ಎಲ್ಲ ಮೇಲೆ ಬಂದಿದೆ. ನನಗೆ ಕಾಡುತ್ತಿರುವುದು ಆ ಹುಡುಗಿ ಕೇಳಿದ ಪ್ರಶ್ನೆ. ಕೆನ್ನೆ ಸೀಳಿಸಿಕೊಂಡ ಹುಡುಗಿ ನಾನು ದಪ್ಪ ಇದ್ದೀನಾ ಎಂದು ಕೇಳುತ್ತಾಳೆ ಎಂದರೆ ಆ ಕಮೆಂಟುಗಳಿಗೆ ಮೊದಲೇ ಯಾರೋ ಜಾಗ ಮಾಡಿಟ್ಟಿದ್ದಾರೆ ಅಂತಲೇ ಅರ್ಥ.

ನಾನು ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಬೆವರು ಸುರಿಯುತ್ತಿದ್ದರೂ ಹಾಗೇ ಕೂರುತ್ತಿದ್ದಳು. ಬಿಸಿಯೂಟಕ್ಕೆ ತಟ್ಟೆ ಹಿಡಿದು ನಿಂತರೆ ಹುಡುಗರು ಟಿವಿಯ ಒಂದು ಕಾಮಿಡಿ ಶೋದಲ್ಲಿ ಬಂದ ಡೈಲಾಗ್ ಹೇಳಿ ನಗುತ್ತಿದ್ದರು, ಅದಕ್ಕೇ ಅವಳು ಸಾಲು ಖಾಲಿಯಾದ ಮೇಲೆ ಹೋಗಿ ಅರ್ಧ ಸೌಟು ಹಾಕಿಸಿಕೊಳ್ಳುತ್ತಿದ್ದಳು. ಆ ಹುಡುಗರನ್ನು ಕೂರಿಸಿಕೊಂಡು ಮಾತಾಡಿದೆ. ಅವರಿಗೆ ತಾವು ತಪ್ಪು ಮಾಡುತ್ತಿದ್ದೇವೆ ಎನ್ನುವುದೇ ಗೊತ್ತಿರಲಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಅಜ್ಜಿ ಎಲ್ಲ ಕೂತು ನಗುವುದನ್ನು ನೋಡಿದ್ದಾರೆ. ಜಡ್ಜ್ ಕುರ್ಚಿಯಲ್ಲಿ ಕೂತವರು ಚಪ್ಪಾಳೆ ತಟ್ಟುವುದನ್ನು ನೋಡಿದ್ದಾರೆ. ಗಂಡಸು ಸೀರೆ ಸುತ್ತಿಕೊಂಡು ದಿಂಬು ಕಟ್ಟಿಕೊಂಡು ಬಂದರೆ ನಗಬೇಕು, ಹೆಂಡತಿ ಕಪ್ಪಗಿದ್ದರೆ ನಗಬೇಕು, ದಪ್ಪಗಿದ್ದರೆ ಕುರ್ಚಿ ಮುರಿಯಬೇಕು. ಕೇಬಲ್ ಟಿವಿ ನಿಯಮಗಳಲ್ಲಿ ಹೆಣ್ಣಿನ ದೇಹವನ್ನು ಕೀಳಾಗಿ ತೋರಿಸಬಾರದು ಎಂದು ಬರೆದೇ ಇದೆ. ಆದರೂ ವಾರಾಂತ್ಯದ ಶೋ ಅದರ ಮೇಲೆಯೇ ನಡೆಯುತ್ತದೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಸರ್ಜರಿಗೆ ಹೋಗಿ ತೀರಿಕೊಂಡಳು. ಮನೆಯವರಿಗೂ ಹೇಳದೆ ಹೋಗಿದ್ದಳು ಎಂದು ಆಗ ವರದಿಗಳಲ್ಲಿ ಬಂತು. ಸುದ್ದಿ ಎಲ್ಲ ಕಡೆ ಓಡಿತು, ಅವಳ ಹಳೆಯ ಫೋಟೋಗಳೆಲ್ಲ ಮತ್ತೆ ಬಂದವು. ಇಪ್ಪತ್ತೊಂದು ವರ್ಷದ ಹುಡುಗಿಗೆ ತನ್ನ ಮೈ ಸಾಲದು ಎಂದು ಅನಿಸಿದ್ದು ಯಾಕೆ ಎಂದು ಧಾರಾವಾಹಿ ಮಾಡುವವರನ್ನು ಕೇಳಿದ ಒಂದು ಚರ್ಚೆಯನ್ನೂ ನಾನು ನೋಡಲಿಲ್ಲ.

ಬದಲಾಗುವುದೇ ಇಲ್ಲ ಎಂದೂ ಅಲ್ಲ. ಕಪ್ಪಗಿದ್ದರೆ ಕೆಲಸ ಸಿಗಲ್ಲ, ಗಂಡು ಸಿಗಲ್ಲ ಎನ್ನುವ ಕ್ರೀಮಿನ ಜಾಹೀರಾತು ನೋಡಿಕೊಂಡೇ ನಾವೆಲ್ಲ ಬೆಳೆದೆವು. 2014ರಲ್ಲಿ ಜಾಹೀರಾತು ಮಂಡಳಿ ಬಣ್ಣದ ಕಾರಣಕ್ಕೆ ಕೀಳು ಮಾಡಿ ತೋರಿಸಬೇಡಿ ಎಂದು ನಿಯಮ ತಂದಿತು. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ಫೇರ್ ಎನ್ನುವುದನ್ನೇ ತೆಗೆಯಬೇಕಾಯಿತು. ಜನ ಬರೆದು, ಬೈದು, ದೂರು ಕೊಟ್ಟು ಬೆನ್ನು ಬಿಡದೆ ಇದ್ದಿದ್ದಕ್ಕೆ ಅಷ್ಟಾದರೂ ಆಯಿತು.

ವರದಾತೀರ, ತಂಗಿ ರಾತ್ರಿ ಊಟ ಬಿಟ್ಟಿರುವುದನ್ನು ಹಗುರ ಮಾಡಬೇಡಿ. ಗಾಯ ಮಾಗಲು ಊಟ ಬೇಕು. ಕಮೆಂಟು ನೋಡಬೇಡ ಎಂದು ಹೇಳುವುದಕ್ಕಿಂತ ನೀವೇ ಪಕ್ಕದಲ್ಲಿ ಕೂತು ಒಟ್ಟಿಗೆ ರಿಪೋರ್ಟ್ ಮಾಡಿ. 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿದರೆ ನೊಂದ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರಕ್ಕೆ ಸಂಪರ್ಕ ಕೊಡುತ್ತಾರೆ, ಅಲ್ಲಿ ಆಪ್ತಸಮಾಲೋಚಕರು ಇರುತ್ತಾರೆ. ಒಂದು ಸಲ ಕರೆದುಕೊಂಡು ಹೋಗಿ. ಬೇಡ ಎಂದರೆ ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿ.


ವರದಾತೀರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಪೂರ್ತಿ ಥ್ರೆಡ್ ತಂಗಿಗೆ ಓದಿಸಿದೆ. ಮೇಷ್ಟ್ರಮ್ಮ ಬರೆದ ಸ್ವೆಟರ್ ಹುಡುಗಿಯ ವಿಷಯ ಎರಡು ಸಲ ಓದಿದಳು, ಏನೂ ಹೇಳಲಿಲ್ಲ.

ಪತ್ರಿಕೆಯವರಿಗೆ ಇಮೇಲ್ ಹೋಯಿತು. ವೆಬ್‌ಸೈಟಿನಿಂದ ಹೆಸರು, ಊರು ತೆಗೆದಿದ್ದಾರೆ, ಫೇಸ್‌ಬುಕ್‌ನಲ್ಲಿ ಇನ್ನೂ ಇದೆ, ಮತ್ತೆ ಬರೆದಿದ್ದೇನೆ. ಎಫ್‌ಐಆರ್‌ನಲ್ಲಿ 78 ಇರಲಿಲ್ಲ. ಸೋಮವಾರ ಚಿಕ್ಕಪ್ಪನೇ ಅವಳನ್ನು ಠಾಣೆಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಅವರು ಹಾಗೆ ಹೇಳುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಪೊಲೀಸರು ಕೊಟ್ಟಿದ್ದು ಅವನ ಮಾತು, ನಮ್ಮ ಮಗಳ ಮಾತು ಯಾರೂ ಬರೆದುಕೊಂಡೇ ಇಲ್ಲ ಎನ್ನುವುದು ಅವರಿಗೆ ನಾಟಿತು ಅನಿಸುತ್ತದೆ. ಗದಗ ಕಾಕಾ, ತಂಗಿ ತನ್ನ ಅಕೌಂಟ್ ಡಿಲೀಟ್ ಮಾಡಿಲ್ಲ, ಪ್ರೈವೇಟ್ ಮಾಡಿಕೊಂಡಿದ್ದಾಳೆ. ಅದು ಅವಳದೇ ತೀರ್ಮಾನ.

ವಕೀಲೆಯವರಿಗೆ ಒಂದು ಪ್ರಶ್ನೆ. ಮದುವೆ ಫೋಟೋ ತೆಗೆದದ್ದು ಅವಳ ಜೊತೆ ಕೆಲಸ ಮಾಡುವ ಹುಡುಗಿ, ತನ್ನ ಫೋನಿನಲ್ಲಿ. ಕಾಪಿರೈಟ್ ಅರ್ಜಿ ಹಾಕಲು ಅವಳು ರೆಡಿ. ಆದರೆ ಅವಳ ಹೆಸರು ಚಾನೆಲ್‌ನವರಿಗೆ ಹೋದರೆ ಅವಳ ಹಿಂದೆ ಬೀಳುತ್ತಾರಾ ಎಂದು ಅವಳ ಅಮ್ಮನಿಗೆ ಭಯ. ಬೇರೆಯವರು ಹಾಕಬಹುದಾ?


ವಕೀಲೆ ಧಾರವಾಡ

ಹಾಕಬಹುದು. ಆ ಹುಡುಗಿ ಒಂದು ಅಧಿಕಾರ ಪತ್ರ ಬರೆದುಕೊಟ್ಟರೆ ಅವಳ ಪರವಾಗಿ ವಕೀಲರೇ ಅರ್ಜಿ ತುಂಬಬಹುದು, ಸಂಪರ್ಕಕ್ಕೆ ಆಫೀಸಿನ ವಿಳಾಸ, ಇಮೇಲ್ ಕೊಟ್ಟರೆ ಸಾಕು. ಆದರೆ ಹಕ್ಕುದಾರರ ಹೆಸರನ್ನು ಫಾರ್ಮ್ ಕೇಳಿಯೇ ಕೇಳುತ್ತದೆ, ಅದನ್ನು ಅವಳ ಅಮ್ಮನಿಗೆ ಮೊದಲೇ ಹೇಳಿ, ಒಪ್ಪಿದರಷ್ಟೇ ಮುಂದುವರಿಯಿರಿ. ಒಪ್ಪದಿದ್ದರೆ ಪ್ರೈವೆಸಿ ದೂರು ಸಾಕು. ಮೂಲ ಫೋಟೋ ಅವಳ ಫೋನಿನಲ್ಲಿ ಹಾಗೇ ಇರಲಿ, ಕತ್ತರಿಸಿದ್ದು, ಫಾರ್ವರ್ಡ್ ಆಗಿದ್ದು ಬೇಡ. ಸೋಮವಾರ ಠಾಣೆಗೆ ಹೋಗುವಾಗ ಹೇಳಿಕೆಯ ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಸೇರಿಸಲು ಒಪ್ಪದಿದ್ದರೆ ಅವತ್ತೇ ಇಲ್ಲಿ ಬರೆಯಿರಿ, ಎಸ್‌ಪಿಗೆ ಕೊಡುವ ಅರ್ಜಿ ನಾನು ಬರೆದುಕೊಡುತ್ತೇನೆ.